ನಂಗ್ಯಾಕಲೇ ಮೆತ್ತಗೆ ಹಾಕ್ತೀಯ?

ಅಂಗವೈಕಲ್ಯ ಇರುವ ಮಗುವನ್ನು ಕಂಡ ಕೂಡಲೇ ನಮ್ಮ ಜನರ ಬಾಯಲ್ಲಿ ಎರಡು ಮಾತು ತಯಾರಿರುತ್ತವೆ. ಚಿಕ್ಕ ಮಗುವಾದರೆ "ಅಯ್ಯೋ ಪಾಪ, ಯಾವ ಜನ್ಮದ ಕರ್ಮವೋ". ಅದೇ ಮಗು ದೊಡ್ಡದಾಗಿ, ಎಸ್ಸೆಸ್ಸೆಲ್ಸಿ ಪಾಸಾಗಿ, ಪೇಪರಿನಲ್ಲಿ ಫೋಟೊ ಬಂದರೆ "ಎಂಥ ಛಲ ನೋಡ್ರಿ". ಈ ಎರಡು ಮಾತಿನ ನಡುವೆ ಹತ್ತು ಹದಿನೈದು ವರ್ಷಗಳಿರುತ್ತವೆ. ಆ ವರ್ಷಗಳಲ್ಲಿ ಮಗು ಯಾವ ಬಸ್ಸು ಹತ್ತಿತು, ತರಗತಿಯಲ್ಲಿ ಎಲ್ಲಿ ಕೂತಿತು, ಯಾರ ಜೊತೆ ಜಗಳ ಆಡಿತು, ಒಂದಕ್ಕೆ ಬಂದಾಗ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ.

ನಾನು ದಾವಣಗೆರೆ ತಾಲ್ಲೂಕಿನಲ್ಲಿ, ಅಣಜಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. ಆ ನಡುವಿನ ವರ್ಷಗಳನ್ನು ಹತ್ತಿರದಿಂದ ನೋಡುವ ಕೆಲಸ ನನ್ನದು. ನೋಡುತ್ತಾ ನೋಡುತ್ತಾ ನನಗೆ ಗಟ್ಟಿಯಾದ ಒಂದು ಅಭಿಪ್ರಾಯ ಇದು: ಈ ಮಕ್ಕಳ ಭರವಸೆಗೆ ಅಳತೆ ಇರುತ್ತದೆ. ಇಷ್ಟು ಎತ್ತರದ ಮೆಟ್ಟಿಲು, ಇಷ್ಟು ದೂರದ ನಲ್ಲಿ, ಇಷ್ಟು ಹೊತ್ತಿನ ಪರೀಕ್ಷೆ. ಅಳತೆ ಇರುವುದರಿಂದಲೇ ಅದನ್ನು ಸುತ್ತಲಿನವರು ಕಟ್ಟಿಕೊಡಬಹುದು, ಕಟ್ಟಿಕೊಡದೆ ಕೆಡಿಸಲೂಬಹುದು.

ನಮ್ಮ ಏಳನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ಅವರ ಮನೆಯಲ್ಲಿ ಚಿಕ್ಕದಾಗಿ "ಸಿಪಿ" ಅನ್ನುತ್ತಾರೆ. ಹುಟ್ಟುವ ಮೊದಲು, ಹುಟ್ಟುವ ಹೊತ್ತಿನಲ್ಲಿ, ಇಲ್ಲವೇ ಹುಟ್ಟಿದ ಹೊಸದರಲ್ಲಿ ಬೆಳೆಯುವ ಮೆದುಳಿಗೆ ಆಗುವ ಪೆಟ್ಟಿನಿಂದ ಇದು ಬರುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ, ಉಸಿರುಕಟ್ಟಿ ಆಮ್ಲಜನಕ ಸಾಲದೆ ಹೋದ ಕೂಸಿಗೆ, ಕಾಮಾಲೆ ಮಿತಿಮೀರಿದ ಕೂಸಿಗೆ ಇದರ ಅಪಾಯ ಹೆಚ್ಚು. ಮೆದುಳಿನ ಆ ಗಾಯ ಅಲ್ಲಿಗೇ ನಿಲ್ಲುತ್ತದೆ, ಬೆಳೆಯುತ್ತಾ ಹೋಗುವುದಿಲ್ಲ. ಆದರೆ ಮೈ ಬೆಳೆಯುತ್ತದಲ್ಲ, ಕಷ್ಟ ಇರುವುದೇ ಅಲ್ಲಿ. ಎಲುಬು ಉದ್ದವಾದಷ್ಟು ಬೇಗ ಬಿಗಿದುಕೊಂಡ ಸ್ನಾಯು ಉದ್ದವಾಗುವುದಿಲ್ಲ. ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತದೆ, ಮಂಡಿ ಮಡಚಿಕೊಳ್ಳುತ್ತದೆ. ಮಗ ಒಂದೇ ವರ್ಷಕ್ಕೆ ಎತ್ತರ ಆಗಿಬಿಟ್ಟ ಅಂತ ಬೇರೆ ತಾಯಂದಿರು ಹಿಗ್ಗುವ ಹೊತ್ತಿನಲ್ಲಿ ಈ ತಾಯಿಗೆ ನಿದ್ದೆ ಇರುವುದಿಲ್ಲ.

ಅವನ ಮನೆಗೆ ಹೋದಾಗ ಅವರು ಕಾಲಿನ ವ್ಯಾಯಾಮ ಮಾಡಿಸುವುದನ್ನು ಕೂತು ನೋಡಿದ್ದೇನೆ. ಹುಡುಗನನ್ನು ಚಾಪೆಯ ಮೇಲೆ ಮಲಗಿಸಿ, ಮಂಡಿ ಮೇಲೇಳದಂತೆ ಒಂದು ಕೈಯಲ್ಲಿ ಒತ್ತಿಕೊಂಡು, ಇನ್ನೊಂದು ಅಂಗೈಯಲ್ಲಿ ಹಿಮ್ಮಡಿ ಹಿಡಿದು, ಮುಂಗೈಯಿಂದ ಪಾದವನ್ನು ನಿಧಾನ ಅವನ ಮುಖದ ಕಡೆಗೆ ಬಾಗಿಸುತ್ತಾರೆ. ಜೋರಾಗಿ ಎಳೆದರೆ ಸ್ನಾಯು ಇನ್ನಷ್ಟು ಸೆಟೆದುಕೊಳ್ಳುತ್ತದೆ. ಹಾಗಾಗಿ ಅದು ಸಡಿಲಾಗುವವರೆಗೆ ಕಾಯಬೇಕು. ಹುಡುಗ ಮಲಗಿದಲ್ಲೇ ಮೂವತ್ತರವರೆಗೆ ಎಣಿಸುತ್ತಾನೆ. ಎಣಿಕೆ ಅವನದು, ಒತ್ತುವುದು ಅಮ್ಮನದು. ನೋವಾದಾಗ ಎಣಿಕೆ ಓಡುತ್ತದೆ. "ಹದಿನೆಂಟಾದ ಮ್ಯಾಲೆ ಇಪ್ಪತ್ತೈದು ಬರುತ್ತೇನಲೇ?" ಅಂತ ಅವರು ಕೇಳುತ್ತಾರೆ, ಇಬ್ಬರೂ ನಗುತ್ತಾರೆ, ಹತ್ತೊಂಬತ್ತರಿಂದ ಮತ್ತೆ ಶುರು. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಒಂದು ಸಲ, ಸಂಜೆ ಮೆಕ್ಕೆಜೋಳದ ಹೊಲದ ಕೂಲಿ ಮುಗಿಸಿ ಬಂದ ಮೇಲೆ ಇನ್ನೊಂದು ಸಲ. ಹಬ್ಬ ಇರಲಿ, ಹುಣ್ಣಿಮೆ ಇರಲಿ, ತಪ್ಪಿಸುವುದಿಲ್ಲ.

ಮೊದಮೊದಲು ಅವರೂ ಎಲ್ಲರಂತೆ ದೇವರ ಬಾಗಿಲು ತಟ್ಟಿದವರೇ. ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ, ಉಚ್ಚಂಗೆಮ್ಮನಿಗೆ ಹರಕೆ, ದಾವಣಗೆರೆ ದುಗ್ಗಮ್ಮನಿಗೆ ಹರಕೆ. ಈಗಲೂ ಹೋಗುತ್ತಾರೆ. ನಾನು ಅದನ್ನು ತಪ್ಪು ಅನ್ನುವುದಿಲ್ಲ. ರಾತ್ರಿಯೆಲ್ಲ ಅಳುವ ಕೂಸನ್ನು ಎದೆಗೆ ಹಾಕಿಕೊಂಡ ಹೆಂಗಸಿಗೆ ಹೋಗಿ ನಿಲ್ಲಲು ಒಂದು ಜಾಗ ಬೇಕಿತ್ತು. ಆದರೆ ಕೇಳಿಕೊಳ್ಳುವ ಮಾತು ಬದಲಾಗಿದೆ. ಒಮ್ಮೆ ಅವರೇ ಹೇಳಿದರು: "ಮೊದ್ಲು, ನನ್ ಮಗ ಎಲ್ಲರಂಗೆ ಓಡ್ಯಾಡಂಗ್ ಮಾಡವ್ವ ತಾಯಿ ಅಂತ ಕೇಳ್ತಿದ್ದೆ ಮೇಡಂ. ಈಗ, ಬಸ್ಸಿನ ಮೆಟ್ಲು ಒಬ್ಬನೇ ಹತ್ತಂಗಾಗ್ಲಿ ಸಾಕು ಅಂತೀನಿ." ಆಸೆ ಕುಗ್ಗಿತು ಎಂದು ಇದನ್ನು ಓದಿಕೊಂಡರೆ ಅವರನ್ನು ಅರ್ಥ ಮಾಡಿಕೊಂಡಂತಾಗುವುದಿಲ್ಲ. ಮೊದಲಿನ ಆಸೆಗೆ ಅವರು ಕಾಯುವುದು ಬಿಟ್ಟು ಬೇರೇನೂ ಮಾಡಲು ಆಗುತ್ತಿರಲಿಲ್ಲ. ಈಗಿನ ಆಸೆಗೆ ದಿನಕ್ಕೆರಡು ಹೊತ್ತು ಕೆಲಸ ಇದೆ.

ಬಸ್ಸಿನ ವಿಷಯ ಬಂದದ್ದರಿಂದ ಒಂದು ಮಾತು. ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಅಂತ ನಮ್ಮ ಕಡೆಯ ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಹೊತ್ತುಕೊಂಡು ದಾವಣಗೆರೆಗೆ ಹೋಗುತ್ತಾರೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಅಧೀನದಲ್ಲಿ ನಡೆಯುವ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ ಸಿಆರ್‌ಸಿ ಕೂಡ ದಾವಣಗೆರೆಯಲ್ಲೇ ಇದೆ. ಆದರೆ ಥೆರಪಿ ಒಂದು ದಿನದ ಮಾತಲ್ಲ. ಹೋದ ದಿನವೆಲ್ಲ ಕೂಲಿ ಹೋಯಿತು, ಮೇಲೆ ಬಸ್ ಚಾರ್ಜು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ ಅಂತಾದ ಮೇಲೆ, ಮಗುವಿಗೆ ಅಂಗವಿಕಲರ ಪಾಸ್ ಮಾಡಿಸಿದ್ದರೆ, ಖರ್ಚಿನ ಒಂದು ಭಾಗವಾದರೂ ಹಗುರ ಆಯಿತು. ಶಕ್ತಿ ಯೋಜನೆಯ ಬಗ್ಗೆ ಪರ ವಿರೋಧ ಎಷ್ಟೋ ಮಾತು ಕೇಳಿದ್ದೇನೆ. ಅದರಲ್ಲಿ ಈ ತಾಯಂದಿರ ಹೆಸರು ಬಂದದ್ದನ್ನು ನಾನು ಕೇಳಿಲ್ಲ.

ಹುಡುಗನ ಕಾಲಿಗೆ ಪ್ಲಾಸ್ಟಿಕ್ಕಿನ ಪಟ್ಟಿ ಇದೆ. ಎಎಫ್‌ಓ ಅನ್ನುತ್ತಾರೆ. ಮೀನಖಂಡದ ಹಿಂಬದಿಯಿಂದ ಪಾದದ ಅಡಿಯವರೆಗೆ ಒಂದೇ ತುಂಡು, ಮುಂದೆ ವೆಲ್ಕ್ರೋ ಪಟ್ಟಿ. ಅದನ್ನು ಹಾಕಿಕೊಂಡು ಮೇಲೆ ಒಂದು ಸೈಜ್ ದೊಡ್ಡ ಶೂ ಹಾಕಬೇಕು. ಕಾಲು ಬೆಳೆದಂತೆ ಅಳತೆ ಕೊಟ್ಟು ಹೊಸದು ಮಾಡಿಸಬೇಕು. ನಮ್ಮ ಶಾಲೆಯಲ್ಲಿ ಎಲ್ಲರೂ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬರುವ ರೂಢಿ. ಇವನು ಶೂ ಬಿಚ್ಚಿ, ಪಟ್ಟಿ ಬಿಚ್ಚಿ, ಮತ್ತೆ ಕಟ್ಟಿಕೊಳ್ಳುವುದು ಅಂದರೆ ಒಂದು ಪೀರಿಯಡ್ಡೇ ಮುಗಿಯುತ್ತದೆ. ಶೂ ಹಾಕಿಕೊಂಡೇ ಬಾ ಅಂತ ನಾವು ಟೀಚರ್‌ಗಳು ಹೇಳಿದೆವು, ಅವನು ಒಪ್ಪಲಿಲ್ಲ. ನೆಲಕ್ಕೆ ಕೂತು ಊಟ ಮಾಡುವ ಜಾಗ, ಸರಸ್ವತಿ ಫೋಟೊ ಇರುವ ಜಾಗ, ಅಲ್ಲಿಗೆ ಶೂ ಹಾಕಿಕೊಂಡು ಬರುವುದು ಹೇಗೆ ಎಂಬ ಸಂಕೋಚ ಅವನಿಗೆ. ದಾರಿ ಹುಡುಕಿದ್ದು ಅವನ ಜೊತೆಯ ಹುಡುಗರು. ಬಾಗಿಲಲ್ಲಿ ಒಂದು ಗೋಣಿಚೀಲ, ಒಂದು ಒದ್ದೆ ಬಟ್ಟೆ ಇಟ್ಟರು. ಅವನು ಗೋಡೆ ಹಿಡಿದು ಒಂದು ಕಾಲು ಎತ್ತುತ್ತಾನೆ, ಪಕ್ಕದಲ್ಲಿ ಇದ್ದವರು ಶೂ ಅಡಿ ಒರೆಸುತ್ತಾರೆ, ಆಮೇಲೆ ಇನ್ನೊಂದು ಕಾಲು. ಈಗ ಅದು ಯಾರ ಕಣ್ಣಿಗೂ ವಿಶೇಷವಾಗಿ ಕಾಣುವುದಿಲ್ಲ. ಬೋರ್ಡ್ ಒರೆಸುವಷ್ಟೇ ಸಹಜ.

ಆದರೆ ಅದೇ ಹುಡುಗರು ಕ್ರಿಕೆಟ್‌ನಲ್ಲಿ ಎಡವಿದರು. ಮೊದಲು ಅವನನ್ನು ಅಂಪೈರ್ ಮಾಡಿದರು. ನಾವೂ "ಎಷ್ಟು ಒಳ್ಳೆ ಮಕ್ಕಳು" ಅಂದುಕೊಂಡೆವು. ಅವನಿಗೆ ಬೇಕಾದದ್ದು ಬ್ಯಾಟು. ಕೇಳಿ ಕೇಳಿ ಕೊನೆಗೆ ಕೊಟ್ಟರು, ರನ್ ಓಡುವುದಕ್ಕೆ ಇನ್ನೊಬ್ಬನನ್ನು ನಿಲ್ಲಿಸಿದರು. ಬೌಲಿಂಗ್ ಮಾಡುವ ಹುಡುಗ ಎರಡೇ ಹೆಜ್ಜೆ ಬಂದು, ಕೈ ಕೆಳಗಿನಿಂದ ಮೆಲ್ಲಗೆ ಉರುಳಿಸಿದ. ಎರಡನೆಯ ಬಾಲೂ ಹಾಗೇ. ಮೂರನೆಯದಕ್ಕೆ ಇವನು ಬ್ಯಾಟು ನೆಲಕ್ಕೆ ಬಡಿದು, ತೊದಲುವ ನಾಲಿಗೆಯಲ್ಲಿ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದ: "ನಂಗ್ಯಾಕಲೇ ಮೆತ್ತಗೆ ಹಾಕ್ತೀಯ? ಎಲ್ರಿಗೂ ಹಾಕ್ದಂಗೆ ಹಾಕು!" ಮುಂದಿನ ಬಾಲಿಗೇ ಔಟ್. ವೈಡ್ ಅಂತ ಜಗಳ ತೆಗೆದ. ಯಾರೂ ಬಿಟ್ಟುಕೊಡಲಿಲ್ಲ. ಸಿಟ್ಟು ಮಾಡಿಕೊಂಡು ಬೇವಿನ ಮರದ ಕೆಳಗೆ ಹೋಗಿ ಕೂತ. ಆ ಸಿಟ್ಟು ಎಂಥ ಆರೋಗ್ಯವಂತ ಸಿಟ್ಟು! ಅವನನ್ನು ಔಟ್ ಮಾಡುವಷ್ಟು ಅವನ ಗೆಳೆಯರು ಅವನನ್ನು ತಮ್ಮವನು ಎಂದುಕೊಂಡಿದ್ದರು. ನಾವು ದೊಡ್ಡವರು ವೇದಿಕೆ ಮೇಲೆ ಇಂಥ ಮಕ್ಕಳಿಗೆ ಶಾಲು ಹೊದಿಸುವಾಗ ಇಷ್ಟನ್ನು ಕೊಡುತ್ತೇವೆಯೇ?

ಇವನ ಹಾಗೇ ಸೆರೆಬ್ರಲ್ ಪಾಲ್ಸಿ ಇದ್ದ ಒಬ್ಬ ಹುಡುಗಿ ಕೆಲವು ವರ್ಷಗಳ ಹಿಂದೆ ನಮ್ಮಲ್ಲಿದ್ದಳು. ಅವಳ ವಿಷಯ ಬರೆಯುವಾಗ ನನಗೆ ಈಗಲೂ ಸಂಕಟ. ಓದಿನಲ್ಲಿ ಚುರುಕು. ಬಿಸಿಯೂಟದ ಹೊತ್ತಿನಲ್ಲಿ ಎಲ್ಲರೂ ನೀರು ಕುಡಿದರೆ ಇವಳು ಲೋಟ ಮುಟ್ಟುತ್ತಿರಲಿಲ್ಲ. ಬೇಸಿಗೆಯಲ್ಲೂ. ವಿಚಾರಿಸಿದರೆ "ಬಾಯಾರಿಕೆ ಇಲ್ಲ ಮಿಸ್". ಬೆಳಿಗ್ಗೆ ಮನೆಯಲ್ಲೂ ಕುಡಿಯದೆ ಬರುತ್ತಿದ್ದಳು ಅಂತ ಅವಳ ಅಜ್ಜಿಯಿಂದ ಗೊತ್ತಾಯಿತು. ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗದು, ಹಿಡಿದುಕೊಳ್ಳಲು ಏನೂ ಇಲ್ಲ, ಗೆಳತಿಯರನ್ನು ಒಳಗೆ ಕರೆಯಲು ನಾಚಿಕೆ. ಅದಕ್ಕೆ ಅವಳೇ ಕಂಡುಕೊಂಡ ಉಪಾಯ, ನೀರು ಬಿಡುವುದು. ದೊಡ್ಡವಳಾದ ಮೇಲೆ ತಿಂಗಳಿಗೆ ಐದು ದಿನ ಶಾಲೆಯೂ ತಪ್ಪಿತು. ನಾವು ಅವಳ ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದೆವು. ಒಂದು ಕಮೋಡು, ಗೋಡೆಗೆ ಒಂದು ಪೈಪು, ಗಾಲಿ ಕುರ್ಚಿ ಹೋಗುವಷ್ಟು ಅಗಲದ ಬಾಗಿಲು. ಇಷ್ಟಕ್ಕೆ ಅವಳು ಎರಡು ಬೇಸಿಗೆ ಕಾದಳು. ಆ ಕಾಯುವಿಕೆಯನ್ನು ಛಲ ಎಂದು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಅದು ಅವಳಿಗೆ ಬರಬೇಕಾಗಿರಲಿಲ್ಲ.

ಕಿವಿ ಕೇಳದ ಮಕ್ಕಳ ಕಷ್ಟ ಕಣ್ಣಿಗೆ ಬೀಳದ ಕಷ್ಟ. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ಹಿಂದಿನಿಂದ ಬಂದದ್ದು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು ಎಂಬುದು ವೈದ್ಯರು ಬಲ್ಲ ವಿಷಯ. ಯಾರನ್ನೂ ದೂರಲು ಹೇಳುತ್ತಿಲ್ಲ. ಅಂಥ ಮನೆಯಲ್ಲಿ ಕೂಸು ಹುಟ್ಟಿದಾಗ ಕಿವಿ ಪರೀಕ್ಷೆ ಮಾಡಿಸಲೇಬೇಕು ಎಂದು ಹೇಳುತ್ತಿದ್ದೇನೆ. ಮಲಗಿದ ಕೂಸಿನ ಕಿವಿಗೆ ಒಂದು ಸಣ್ಣ ಸಾಧನ ಇಟ್ಟು ಕೆಲವೇ ನಿಮಿಷದಲ್ಲಿ ಮಾಡುವ ಪರೀಕ್ಷೆ ಅದು, ನೋವಿಲ್ಲ. ಭಾಷೆ ಕೂರುವುದು ಬದುಕಿನ ಮೊದಲ ಕೆಲವು ವರ್ಷಗಳಲ್ಲಿ. ಶ್ರವಣ ಸಾಧನ ಆಗಲಿ, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಆಗಲಿ, ಆಗ ಸಿಕ್ಕರೆ ಸಿಗುವ ಫಲ ಆರೇಳು ವರ್ಷಕ್ಕೆ ಸಿಕ್ಕರೆ ಸಿಗುವುದಿಲ್ಲ. ನಮ್ಮ ಊರಿನ ಒಂದು ಮನೆಯಲ್ಲಿ "ಅವರಪ್ಪನಿಗೂ ಮಾತು ತಡವಾಗೇ ಬಂದಿತ್ತು ಬಿಡ್ರಿ" ಅನ್ನುತ್ತಲೇ ಆ ವರ್ಷಗಳು ಕಳೆದುಹೋದವು. ಹುಡುಗಿ ಒಂದನೇ ತರಗತಿಗೆ ಬಂದಾಗ ಅವಳಿಗೆ ಯಾವ ಭಾಷೆಯೂ ಇರಲಿಲ್ಲ. ಹಸಿವಾದರೆ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದಳು. ನಿನ್ನೆ ಏನಾಯಿತು, ನಾಳೆ ಏನಾಗುತ್ತದೆ ಎಂದು ಹೇಳುವುದಕ್ಕಾಗಲಿ ಕೇಳುವುದಕ್ಕಾಗಲಿ ಅವಳ ಹತ್ತಿರ ಏನೂ ಇರಲಿಲ್ಲ.

ಆಮೇಲೆ ಅವಳನ್ನು ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿದರು. ಬಿಟ್ಟು ಬರುವ ದಿನ ಮನೆಯವರೆಲ್ಲ ಅತ್ತರು. ಯುಗಾದಿ ರಜೆಗೆ ಬಂದ ಹುಡುಗಿ ಬೇರೆಯೇ ಹುಡುಗಿ. ಕೈಯಲ್ಲಿ ಮಾತು ತುಂಬಿ ತುಳುಕುತ್ತಿತ್ತು. ಆದರೆ ಮನೆಯಲ್ಲಿ ಆ ಮಾತು ಯಾರಿಗೂ ಬರುವುದಿಲ್ಲ. ಮೊದಲ ಎರಡು ದಿನ ಅವಳು ಎಲ್ಲರ ಮುಖ ನೋಡಿ ನೋಡಿ ಸುಮ್ಮನಾದಳು. ಆಮೇಲೆ ತಮ್ಮನನ್ನು ಹಿಡಿದುಕೊಂಡು ಕೂತಳು. ಅವನಿಗೆ ಕಲಿಸಿದಳು. ಅವನು ಅಜ್ಜಿಗೆ ಕಲಿಸಿದ. ಅಜ್ಜಿ ಹೋಳಿಗೆ ತಟ್ಟುತ್ತಿದ್ದ ಕೈಯನ್ನು ಸೀರೆಗೆ ಒರೆಸಿಕೊಂಡು "ಇನ್ನೊಂದು ಬೇಕಾ?" ಅಂತ ಸನ್ನೆಯಲ್ಲಿ ಕೇಳಿದಾಗ ನಾನು ಅಲ್ಲೇ ಇದ್ದೆ. ಆ ಹುಡುಗಿ ಬೇಡ ಅಂದಳು, ಜೊತೆಗೆ ಬೆಲ್ಲ ಜಾಸ್ತಿಯಾಗಿದೆ ಅಂತಲೂ ಹೇಳಿದಳು! ಅಭಿಪ್ರಾಯ ಹೇಳುವ ಮೊಮ್ಮಗಳು ಆ ಮನೆಗೆ ಅವತ್ತು ಬಂದಳು. ಕಿವುಡ ಮಗು ಇರುವ ಮನೆಯವರು ಮಗುವಿಗೆ ಮಾತು ಕಲಿಸಿ ಅಂತ ಶಾಲೆಯನ್ನು ಕೇಳುತ್ತಾರೆ. ಮನೆಮಂದಿ ಸನ್ನೆ ಭಾಷೆ ಕಲಿಯುವುದೂ ಅಷ್ಟೇ ಮುಖ್ಯ ಎಂದು ನಾನು ಎಲ್ಲ ಕಡೆ ಹೇಳುತ್ತೇನೆ.

ಕಣ್ಣು ಕಾಣದ ಮಕ್ಕಳ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ದೊಡ್ಡ ಪುಣ್ಯ ಇದೆ. 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನ, ವಿದ್ಯೆ, ಸಂಗೀತ ಕೊಟ್ಟರು. ದಾವಣಗೆರೆಯಲ್ಲೂ ವೀರೇಶ್ವರ ಪುಣ್ಯಾಶ್ರಮ ಇದೆ. ಕುರುಡು ಮಗು ಅಂದರೆ ಭಿಕ್ಷೆ ಎಂದಿದ್ದ ಕಾಲದಲ್ಲಿ ಅವರು ಮಾಡಿದ ಕೆಲಸಕ್ಕೆ ಎಷ್ಟು ಕೈ ಮುಗಿದರೂ ಸಾಲದು. ಆದರೆ ಎಲ್ಲ ಮಕ್ಕಳ ಕೊರಳಲ್ಲೂ ಸಂಗೀತ ಇರುವುದಿಲ್ಲ. ನನ್ನ ಅಣ್ಣನ ಊರಿನ ಒಬ್ಬ ಹುಡುಗನಿಗೆ ಹಾರ್ಮೋನಿಯಂ ಕಂಡರೆ ಆಗದು, ಲೆಕ್ಕ ಅಂದರೆ ಪ್ರಾಣ. ಟೈಲರ್ ಫ್ರೇಮ್ ಅಂತ ಒಂದು ಹಲಗೆ ಬರುತ್ತದೆ. ಎಂಟು ಮೂಲೆಯ ತೂತುಗಳ ಸಾಲು. ಅದರಲ್ಲಿ ಪುಟ್ಟ ಲೋಹದ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಇಡಬೇಕು, ಯಾವ ಮೂಲೆಗೆ ತಿರುಗಿದೆ ಎಂಬುದರ ಮೇಲೆ ಅದು ಯಾವ ಅಂಕಿ ಎಂದು ಬೆರಳಿಗೆ ತಿಳಿಯುತ್ತದೆ. ಭಾಗಾಕಾರವನ್ನು ಅವನು ಹಾಗೆ ಬೆರಳಲ್ಲಿ ಓದುತ್ತಾ ಮಾಡುವುದನ್ನು ನೋಡಿದರೆ ನಮ್ಮ ಕಣ್ಣಿರುವ ಮಕ್ಕಳು ಬಾಯಿ ಬಿಡುತ್ತಾರೆ. ಅವನಿಗೆ "ಒಂದು ಹಾಡು ಹೇಳಪ್ಪ" ಅನ್ನುವವರೇ ಎಲ್ಲರೂ. ಒಂದು ಲೆಕ್ಕ ಕೊಟ್ಟು ನೋಡಿ.

ಕಾಗದಪತ್ರದ ವಿಷಯ ಬರೆಯದೆ ಹೋದರೆ ತಾಯಂದಿರು ನನ್ನನ್ನು ಬಿಡುವುದಿಲ್ಲ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಸ್ನಾಯುಕ್ಷಯ, ಕಲಿಕಾ ನ್ಯೂನತೆ, ಕುಡಗೋಲು ಕಣ ರೋಗ, ಥಲಸ್ಸೀಮಿಯಾ, ಹಿಮೋಫಿಲಿಯಾ ಎಲ್ಲವೂ ಸೇರಿವೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ, ತಮ್ಮ ಆಯ್ಕೆಯಂತೆ ಉಚಿತ ಶಿಕ್ಷಣ ಪಡೆಯುವ ಹಕ್ಕು ಇದೆ. "ಇಲ್ಲಿ ಆಗಲ್ಲ, ಬೇರೆ ಕಡೆ ನೋಡ್ಕಳ್ರಿ" ಅಂತ ಯಾವ ಶಾಲೆಯೂ ಹೇಳುವ ಹಾಗಿಲ್ಲ. ಶಾಲೆಗೆ ಬರಲಾಗದಷ್ಟು ತೊಂದರೆ ಇದ್ದರೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣ ಇದೆ, ಅದಕ್ಕೆ ಬ್ಲಾಕಿನಲ್ಲಿ ಇಂಥ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರಿದ್ದಾರೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ, ಬರೆಯಲಾಗದವರಿಗೆ ಲಿಪಿಕಾರರು. ಇದೆಲ್ಲಕ್ಕೂ ಬೀಗದ ಕೈ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಅದನ್ನು ಮಾಡಿಸಲು ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯೂ ಅವರನ್ನು, ಮೊದಲು ಹಿಡಿಯಿರಿ. ನಮ್ಮ ಪಂಚಾಯ್ತಿಯಲ್ಲಿ ಅವರೂ ಪೋಲಿಯೊದಿಂದ ಒಂದು ಕಾಲು ಸೋತವರು. ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳುತ್ತಾರೆ ಎಂಬುದು ಅವರಿಗೆ ಬಾಯಿಪಾಠ.

ಕೂರಲಾಗದ ಮಗುವನ್ನು ಹೊತ್ತುಕೊಂಡು ಒಂದು ಕಚೇರಿಯ ಎರಡನೇ ಮಹಡಿಗೆ ಹತ್ತಿ, ಸಾಹೇಬರಿಲ್ಲ ನಾಳೆ ಬರ್ರಿ ಅನ್ನಿಸಿಕೊಂಡು ಇಳಿದು ಬಂದ ಅಪ್ಪನನ್ನು ನಾನು ಬಲ್ಲೆ. ಅಂಗವಿಕಲರ ಕೆಲಸ ಮಾಡಿಕೊಡುವ ಕಚೇರಿ ಮಹಡಿಯ ಮೇಲೆ ಯಾಕಿರಬೇಕು? 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಅಷ್ಟು ಜನರೂ ಹೊತ್ತುಕೊಳ್ಳುವವರನ್ನು ಜೊತೆಗೆ ಕರೆದುಕೊಂಡೇ ಬರಬೇಕೇ?

ನಮ್ಮ ಹುಡುಗ ಬರುವ ವರ್ಷ ಪಕ್ಕದೂರಿನ ಹೈಸ್ಕೂಲಿಗೆ ಹೋಗಬೇಕು. ಮೊನ್ನೆ ಅಮ್ಮನ ಜೊತೆ ಹೋಗಿ ನೋಡಿಕೊಂಡು ಬಂದ. ಹೇಗಿದೆಯಪ್ಪ ಅಂದರೆ ಕಟ್ಟಡ, ಮೈದಾನ ಯಾವುದನ್ನೂ ಹೇಳಲಿಲ್ಲ. "ಮೂರು ಮೆಟ್ಲು ಐತೆ ಮಿಸ್. ಎರಡ್ನೇದು ಭಾಳ ಎತ್ರ. ಹಿಡ್ಕಳಾಕೆ ಏನೂ ಇಲ್ಲ" ಅಂದ. ಅಲ್ಲಿನ ಮುಖ್ಯ ಶಿಕ್ಷಕರು ಒಳ್ಳೆಯವರು. ಎಂಟನೇ ತರಗತಿಯನ್ನು ಮಹಡಿಯಿಂದ ಕೆಳಗಿನ ಕೋಣೆಗೆ ತರುತ್ತೇನೆ ಅಂದಿದ್ದಾರೆ. ಗ್ರಾಮ ಪಂಚಾಯ್ತಿ ತನ್ನ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಆ ದುಡ್ಡಿನಲ್ಲಿ ಮೆಟ್ಟಿಲಿಗೆ ಪೈಪು, ಶೌಚಾಲಯಕ್ಕೆ ಕಮೋಡು ಮತ್ತು ಹಿಡಿಕೆ ಹಾಕಿಸಿ ಅಂತ ಅವನ ತಾಯಿ, ನಾನು, ವಿಆರ್‌ಡಬ್ಲ್ಯೂ ಸೇರಿ ಪಿಡಿಒ ಅವರಿಗೆ ಅರ್ಜಿ ಕೊಟ್ಟಿದ್ದೇವೆ. ಪೈಪಿಗೆ ಒಪ್ಪಿಗೆ ಸಿಕ್ಕಿದೆ. ಹತ್ತುವಾಗ ಎಡಗಡೆಗೆ ಬರಬೇಕು, ಅವನ ಎಡಗೈ ಗಟ್ಟಿ, ಅದನ್ನೂ ವೆಲ್ಡಿಂಗ್‌ನವರಿಗೆ ಹೇಳಿ ಬಂದಿದ್ದೇವೆ. ಶೌಚಾಲಯದ್ದು ಇನ್ನೂ ಆಗಿಲ್ಲ. ಬೇಸಿಗೆ ರಜೆ ಮುಗಿಯುವುದರೊಳಗೆ ಆಗಲೇಬೇಕು, ಅದಕ್ಕೆ ಮುಂದಿನ ವಾರ ಮತ್ತೆ ಪಂಚಾಯ್ತಿಗೆ ಹೋಗುತ್ತಿದ್ದೇವೆ.